ಹೊಲಿಗೆ ಮಿಷನ್ ಮುಂದೆ ಬೆಳೆದ ಹೊಟ್ಟೆ: ಮನೆಯಲ್ಲೇ ಬೊಜ್ಜು ಇಳಿಸಿದ ಒಂದು ಪ್ರಕರಣ

ಈ ಪ್ರಕರಣ 44 ವರ್ಷದ ಒಬ್ಬ ಗೃಹಿಣಿಯದು. ಹಳೇ ಮೈಸೂರು ಭಾಗದ ಒಂದು ತಾಲ್ಲೂಕು ಕೇಂದ್ರದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಅವರ ಒಪ್ಪಿಗೆ ತೆಗೆದುಕೊಂಡೇ ಬರೆಯುತ್ತಿದ್ದೇನೆ. ಹೆಸರು ಸುಜಾತ ಅಂತ ಇಟ್ಟುಕೊಳ್ಳೋಣ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ನಾನು ಯೋಗ ಹೇಳಿಕೊಡುವವಳು. "ಹೊಟ್ಟೆ ಕರಗೋಕೆ ಯಾವ ಆಸನ ಮಾಡ್ಬೇಕು?" ಅಂತ ಕೇಳಿಕೊಂಡು ಬರುವವರೇ ಜಾಸ್ತಿ. ಸುಜಾತ ಬಂದದ್ದೂ ಅದೇ ಪ್ರಶ್ನೆ ಹಿಡಿದು. ಎಂಟು ತಿಂಗಳಲ್ಲಿ ಅವರ ಸೊಂಟ ಎರಡೂವರೆ ಇಂಚು ಇಳಿಯಿತು. ಅದರಲ್ಲಿ ಆಸನಗಳ ಪಾಲಿದೆ, ಇಲ್ಲ ಅನ್ನುವುದಿಲ್ಲ. ಆದರೆ ದೊಡ್ಡ ಪಾಲು ಅಡುಗೆಮನೆಯಲ್ಲಿ, ಅದರಲ್ಲೂ ರಾತ್ರಿ ಊಟದ ಹೊತ್ತಿನಲ್ಲಿ ತೆಗೆದುಕೊಂಡ ನಿರ್ಧಾರಗಳದು. ಆ ನಿರ್ಧಾರಗಳನ್ನು ಅವರೊಬ್ಬರೇ ತೆಗೆದುಕೊಳ್ಳಲು ಆಗುತ್ತಿರಲಿಲ್ಲ. ಇಡೀ ಮನೆ ಸೇರಬೇಕಾಯಿತು. ಈ ಸಂಗತಿಯೇ ಬೇರೆಯವರಿಗೆ ಉಪಯೋಗ ಆಗಬಹುದು ಅನ್ನಿಸಿ ಬರೆಯುತ್ತಿದ್ದೇನೆ.

ಹಿನ್ನೆಲೆ

ಮನೆಯಲ್ಲಿ ನಾಲ್ಕು ಜನ. ಗಂಡನದು ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಮಗ ಪಿಯುಸಿ. ಅತ್ತೆಗೆ ಎಪ್ಪತ್ತು ದಾಟಿದೆ, ಗಟ್ಟಿಯಾಗಿದ್ದಾರೆ. ಮಗಳು ಹಾಸ್ಟೆಲ್‌ನಲ್ಲಿದ್ದು ಓದುತ್ತಾಳೆ. ಎರಡೂ ಹೆರಿಗೆ ಸಿಸೇರಿಯನ್.

ಸುಜಾತ ದಿನಕ್ಕೆ ಆರೇಳು ಗಂಟೆ ಮಿಷನ್ ಮುಂದೆ ಕೂರುತ್ತಾರೆ. ಮೊದಲು ಕಾಲಲ್ಲಿ ತುಳಿಯುವ ಮಿಷನ್ ಇತ್ತು. ಕೆಲವು ವರ್ಷದ ಹಿಂದೆ ಅದಕ್ಕೆ ಮೋಟಾರು ಹಾಕಿಸಿದರು. ಕೆಲಸ ಬೇಗ ಆಗುತ್ತದೆ, ಕಾಲಿಗೆ ಮಾತ್ರ ಕೆಲಸವೇ ಇಲ್ಲ.

ಬಂದಾಗ ಅವರ ಎತ್ತರ 155 ಸೆಂಟಿಮೀಟರ್, ತೂಕ 68 ಕೆಜಿ, ಸೊಂಟ 38½ ಇಂಚು, ಅಂದರೆ ಸುಮಾರು 98 ಸೆಂಟಿಮೀಟರ್. ನಮ್ಮ ಕಡೆಯ ಹೆಂಗಸರಿಗೆ ಸೊಂಟ 80 ಸೆಂಟಿಮೀಟರ್ ದಾಟಿದರೆ, ಗಂಡಸರಿಗೆ 90 ದಾಟಿದರೆ ಎಚ್ಚರ ಬೇಕು ಅಂತ ವೈದ್ಯರು ಹೇಳುತ್ತಾರೆ. ಇನ್ನೊಂದು ಸುಲಭದ ಲೆಕ್ಕವೂ ಇದೆ: ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ಇವರಿಗೆ ಅದು 77½ ಆಗುತ್ತದೆ.

ಈ ಸಮಸ್ಯೆ ಸುಜಾತ ಒಬ್ಬರದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಸುಮಾರು 40% ಹೆಂಗಸರಿಗೆ ಹೊಟ್ಟೆ ಬೊಜ್ಜು ಇರುವುದು ಕಂಡಿತು. ಗಂಡಸರಲ್ಲಿ ಅದು ಸುಮಾರು 12%. ಈ ಅಂತರ ನೋಡಿದರೆ ಇದು ಬರೀ ನಾಲಿಗೆ ಚಪಲದ ವಿಷಯ ಅಲ್ಲ ಅಂತ ಅನ್ನಿಸುವುದಿಲ್ಲವಾ? ಹೆರಿಗೆ, ಮನೆಯೊಳಗಿನ ದಿನಚರಿ, ಕೊನೆಗೆ ಉಳಿದದ್ದನ್ನು ಉಣ್ಣುವ ಅಭ್ಯಾಸ, ತನಗೇ ಅಂತ ಒಂದು ಗಂಟೆ ಸಿಗದಿರುವುದು, ಎಲ್ಲ ಇದರಲ್ಲಿ ಸೇರಿವೆ.

ಆಗಲೇ ಮಾಡಿ ನೋಡಿದ್ದು

ನನ್ನ ಹತ್ತಿರ ಬರುವ ಮೊದಲೇ ಅವರು ಬೇಕಾದಷ್ಟು ಪ್ರಯತ್ನ ಪಟ್ಟಿದ್ದರು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಬಿಸಿನೀರು, ನಿಂಬೆಹಣ್ಣು, ಜೇನುತುಪ್ಪ. ಸೊಂಟಕ್ಕೆ ಬಿಗಿದು ಬೆವರಿಸುವ ಬೆಲ್ಟು. ರಾತ್ರಿ ಅನ್ನ ಬಿಟ್ಟು ಚಪಾತಿ. ಆಮೇಲೆ ರಾತ್ರಿ ಊಟವನ್ನೇ ಬಿಟ್ಟರು. ಕೊನೆಗೆ ಮೊಬೈಲ್‌ನಲ್ಲಿ ವಿಡಿಯೋ ನೋಡಿಕೊಂಡು ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಕಪಾಲಭಾತಿ (ಹೊಟ್ಟೆ ಒಳಗೆಳೆದು ರಭಸವಾಗಿ ಉಸಿರು ಬಿಡುವುದು) ಮತ್ತು ನೌಕಾಸನ.

ಒಂದೊಂದಾಗಿ ನೋಡೋಣ. ಜೇನು-ನಿಂಬೆ ನೀರಿಗೆ ಕೊಬ್ಬು ಕರಗಿಸುವ ಶಕ್ತಿ ಇಲ್ಲ. ಒಂದು ದೊಡ್ಡ ಚಮಚ ಜೇನಿನಲ್ಲಿ ಸುಮಾರು 60 ಕ್ಯಾಲೊರಿ ಇದೆ, ಅದೂ ಸಕ್ಕರೆಯೇ. ಬೆಲ್ಟಿನಿಂದ ಹೋಗುವುದು ಬೆವರು, ಒಂದು ಚೊಂಬು ನೀರು ಕುಡಿದರೆ ವಾಪಸ್ ಬರುತ್ತದೆ. ಚಪಾತಿ ಅನ್ನಕ್ಕಿಂತ ಹಗುರ ಅನ್ನುವುದು ಎಣ್ಣೆ ಹಾಕದೆ ಸುಟ್ಟಾಗ, ಎರಡಕ್ಕೆ ನಿಲ್ಲಿಸಿದಾಗ ಮಾತ್ರ ನಿಜ. ಇವರ ಮನೆಯ ಚಪಾತಿ ಎರಡೂ ಕಡೆ ಎಣ್ಣೆ ಸವರಿದ್ದು. ರಾತ್ರಿ ಊಟ ಬಿಟ್ಟಾಗ ಮಾರನೇ ದಿನ ಹನ್ನೊಂದು ಗಂಟೆಗೆ ಕೈ ತಾನಾಗಿ ಬಿಸ್ಕತ್ತಿನ ಡಬ್ಬಕ್ಕೆ ಹೋಗುತ್ತಿತ್ತು.

ನಾಲ್ಕೂವರೆಯ ಯೋಗದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇದನ್ನು ಶಿಸ್ತು ಅಂತ ಎಲ್ಲರೂ ಹೊಗಳುತ್ತಾರೆ. ಗಂಡ ಅಂಗಡಿ ಮುಚ್ಚಿ ಬರುವುದು ಒಂಬತ್ತೂವರೆಗೆ. ಊಟ, ಪಾತ್ರೆ, ಮಾರನೇ ದಿನದ ಹಿಟ್ಟು ಎಲ್ಲ ಮುಗಿದು ಇವರು ಮಲಗುವಾಗ ಹನ್ನೊಂದೂವರೆ. ನಾಲ್ಕೂವರೆಗೆ ಎದ್ದರೆ ನಿದ್ದೆ ಐದೇ ಗಂಟೆ. ನಿದ್ದೆ ಕಡಿಮೆಯಾದರೆ ಹಸಿವು ಹೆಚ್ಚುತ್ತದೆ, ಸಿಹಿ-ಕರಿದದ್ದರ ಕಡೆ ಮನಸ್ಸು ಎಳೆಯುತ್ತದೆ. ಹೊಟ್ಟೆ ಇಳಿಸಲು ಎದ್ದು, ದಿನವಿಡೀ ಹೊಟ್ಟೆ ತುಂಬಿಸುವ ಸ್ಥಿತಿ. ಎರಡು ತಿಂಗಳು ಬಿಡದೆ ಮಾಡಿದ್ದರು, ಪಾಪ. ಸೊಂಟ ಒಂದು ಬೆರಳೂ ಕರಗಿರಲಿಲ್ಲ.

ಹೊಟ್ಟೆಯಲ್ಲಿದ್ದದ್ದು ಬರೀ ಬೊಜ್ಜಲ್ಲ

ಯಾವ ಆಸನವನ್ನೂ ಶುರು ಮಾಡುವ ಮೊದಲು ರಕ್ತ ಪರೀಕ್ಷೆ ಮಾಡಿಸಿ ವೈದ್ಯರಿಗೆ ತೋರಿಸಲು ಹೇಳಿದೆ. ಥೈರಾಯ್ಡ್ ಸರಿಯಿತ್ತು. ಎಚ್‌ಬಿಎ1ಸಿ, ಅಂದರೆ ಹಿಂದಿನ ಎರಡು-ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆ, 6.1 ಬಂತು. ಇದು 5.7ರಿಂದ 6.4ರ ಒಳಗಿದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ಬಿಪಿ 138/88, ಅದೂ ಅಂಚಿನಲ್ಲಿ. ಮಾತ್ರೆ ಬೇಡ, ಆರು ತಿಂಗಳು ಊಟ-ವ್ಯಾಯಾಮ ಸರಿಮಾಡಿಕೊಂಡು ಬನ್ನಿ ಅಂತ ವೈದ್ಯರು ಹೇಳಿದರು. ಸುಜಾತ ಹೆದರಿದ್ದು ಇಲ್ಲೇ. ಅವರ ತಂದೆ ಸಕ್ಕರೆ ಕಾಯಿಲೆಯಿಂದ ಕಾಲಿನ ಬೆರಳು ಕಳೆದುಕೊಂಡಿದ್ದರು.

ಆಮೇಲೆ ನೌಕಾಸನ ಮಾಡಿ ತೋರಿಸಿ ಅಂದೆ. ಬೆನ್ನ ಮೇಲೆ ಮಲಗಿ ತಲೆ, ಕಾಲು ಎತ್ತಿದ ತಕ್ಷಣ ಹೊಟ್ಟೆಯ ನಡುವೆ, ಹೊಕ್ಕಳಿನ ಮೇಲಿಂದ ಕೆಳಗೆ, ಉದ್ದಕ್ಕೆ ಒಂದು ದಿಬ್ಬ ಎದ್ದಿತು. ತಲೆ ಇಳಿಸಿದರೆ ಮಾಯ. ಮತ್ತೆ ಮಲಗಿಸಿ, ತಲೆ ಸ್ವಲ್ಪ ಎತ್ತಿಸಿ ಹೊಕ್ಕಳಿನ ಹತ್ತಿರ ಬೆರಳಿಟ್ಟು ನೋಡಿದೆ. ಎರಡು ಸ್ನಾಯು ಪಟ್ಟಿಗಳ ನಡುವೆ ಮೂರು ಬೆರಳು ಹಿಡಿಯುವಷ್ಟು ಜಾಗ. ಬಸುರಿಯಲ್ಲಿ ಹೊಟ್ಟೆ ಹಿಗ್ಗುವಾಗ ಈ ಪಟ್ಟಿಗಳು ದೂರ ಸರಿಯುತ್ತವೆ. ಹೆರಿಗೆ ಆದಮೇಲೆ ತುಂಬಾ ಜನರಿಗೆ ತಾನಾಗಿ ಕೂಡುತ್ತವೆ, ಕೆಲವರಿಗೆ ಕೂಡುವುದಿಲ್ಲ. ಕೂಡದೆ ಉಳಿದರೆ ಹೊಟ್ಟೆಯ ಗೋಡೆ ಸಡಿಲ. ಕೊಬ್ಬು ಕಡಿಮೆ ಇದ್ದವರಿಗೂ ಹೊಟ್ಟೆ ಮುಂದೆ ಬಂದ ಹಾಗೆ ಕಾಣುತ್ತದೆ.

ಇಂಥ ಹೊಟ್ಟೆಗೆ ನೌಕಾಸನ, ಸಿಟ್‌ಅಪ್ ಎರಡೂ ಸದ್ಯಕ್ಕೆ ಹೊಂದುವುದಿಲ್ಲ. ಒಳಗಿನ ಒತ್ತಡ ಆ ಸಂದಿನಲ್ಲೇ ಹೊರಗೆ ತಳ್ಳುತ್ತದೆ. ಕಪಾಲಭಾತಿಯನ್ನು ಬಿಪಿ ಜಾಸ್ತಿ ಇರುವವರು, ಹರ್ನಿಯಾ ಇರುವವರು ಮಾಡಬಾರದು ಅಂತ ಅಂತರರಾಷ್ಟ್ರೀಯ ಯೋಗ ದಿನಕ್ಕೆ ಸರ್ಕಾರ ಹೊರಡಿಸಿರುವ ಸಾಮಾನ್ಯ ಯೋಗ ಪಠ್ಯದಲ್ಲೇ ಹೇಳಿದೆ. ವಿಡಿಯೋದಲ್ಲಿ ಯಾರೂ ಇವರಿಗೆ ಅದನ್ನು ಹೇಳಿರಲಿಲ್ಲ.

ಇನ್ನೊಂದು ಮಾತನ್ನು ಅವರು ಬಾಗಿಲು ಮುಂದೆ ಮಾಡಿ, ತುಂಬಾ ಹೊತ್ತು ತಡೆದು ಹೇಳಿದರು. ಕೆಮ್ಮಿದಾಗ, ಸೀನಿದಾಗ ಸ್ವಲ್ಪ ಮೂತ್ರ ಹೋಗುತ್ತದೆ. ಕಪಾಲಭಾತಿ ಶುರು ಮಾಡಿದ ಮೇಲೆ ಜಾಸ್ತಿಯಾಗಿದೆ. ಎರಡು ಹೆರಿಗೆ ಆದವರಲ್ಲಿ ಇದು ಬಹಳ ಸಾಮಾನ್ಯ. ಆದರೆ ಯಾರೂ ಬಾಯಿ ಬಿಡುವುದಿಲ್ಲ. ಕೇಳದಿದ್ದರೆ ನಮಗೆ ಗೊತ್ತೂ ಆಗುವುದಿಲ್ಲ. ಯೋಗ ಕಲಿಸುವ ಪ್ರತಿಯೊಬ್ಬರೂ ಹೆಂಗಸರನ್ನು ಪಕ್ಕಕ್ಕೆ ಕರೆದು ಇದನ್ನು ಕೇಳಲೇಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಹಾಗಾಗಿ ಮೊದಲ ನಿರ್ಧಾರ ಬಿಡುವುದರದ್ದು. ಕಪಾಲಭಾತಿ ಬಿಟ್ಟೆವು, ನೌಕಾಸನ ಬಿಟ್ಟೆವು, ನಾಲ್ಕೂವರೆಗೆ ಏಳುವುದನ್ನೂ ಬಿಟ್ಟೆವು. ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಕಳಿಸಿ ಹೊಟ್ಟೆಯ ಸಂದನ್ನು ತೋರಿಸಿ ಬರಲು ಹೇಳಿದೆ. ಅವರೂ ಅದನ್ನೇ ಹೇಳಿ ಕಳಿಸಿದರು. "ಮತ್ತೆ ಹೊಟ್ಟೆ ಹೆಂಗೆ ಕರಗುತ್ತೆ ಮೇಡಂ?" ಅಂತ ಸುಜಾತ ಕೇಳಿದಾಗ ಅವರ ಮುಖದಲ್ಲಿ ನಿರಾಸೆ ಕಾಣುತ್ತಿತ್ತು.

ಹನ್ನೆರಡು ಗಂಟೆಯ ಯೋಗ

ಹೊಟ್ಟೆಗೆ ಎಷ್ಟೇ ಕೆಲಸ ಕೊಟ್ಟರೂ ಹೊಟ್ಟೆಯ ಕೊಬ್ಬನ್ನೇ ಆರಿಸಿ ಕರಗಿಸಲು ಆಗುವುದಿಲ್ಲ. ತಿಂದದ್ದಕ್ಕಿಂತ ಖರ್ಚು ಜಾಸ್ತಿಯಾದಾಗ ದೇಹ ತನಗೆ ಬೇಕಾದ ಕಡೆಯಿಂದ ಕೊಬ್ಬು ತೆಗೆಯುತ್ತದೆ. ಅರ್ಧ ಗಂಟೆ ನಿಧಾನಕ್ಕೆ ಆಸನ ಮಾಡಿದರೆ ಖರ್ಚಾಗುವುದು ನೂರು ಕ್ಯಾಲೊರಿಯ ಒಳಗೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ 120 ಇದೆ. ಇದನ್ನು ಮೊದಲೇ ಬಿಚ್ಚಿ ಹೇಳಿಬಿಟ್ಟೆ. ಹಾಗಾದರೆ ಯೋಗ ಯಾಕೆ? ತೊಡೆ, ಪೃಷ್ಠ, ಬೆನ್ನಿನ ದೊಡ್ಡ ಸ್ನಾಯುಗಳು ಗಟ್ಟಿಯಾಗಲು, ನಿದ್ದೆ ಸರಿಯಾಗಲು, ಬಿಪಿ ಇಳಿಯಲು. ಸುಮ್ನೆ ಬಾಯಿಗೆ ಹಾಕಿಕೊಳ್ಳುವ ಮೊದಲು ಒಂದು ಕ್ಷಣ ನಿಲ್ಲುವ ಅಭ್ಯಾಸವೂ ಅದರಿಂದಲೇ ಬರುತ್ತದೆ.

ಸಮಯ ಯಾವುದು ಅನ್ನುವುದೇ ದೊಡ್ಡ ಚರ್ಚೆಯಾಯಿತು. ಬೆಳಿಗ್ಗೆ ತಿಂಡಿ, ಡಬ್ಬಿ. ಸಂಜೆ ಗಿರಾಕಿಗಳು. ಕೊನೆಗೆ ಮಧ್ಯಾಹ್ನ ಊಟಕ್ಕೆ ಮೊದಲು, ಹನ್ನೆರಡಕ್ಕೆ ಅಂತ ಗೊತ್ತುಮಾಡಿದೆವು. ಎಂಟಕ್ಕೆ ತಿಂಡಿ ತಿಂದಿರುತ್ತಾರೆ, ನಾಲ್ಕು ಗಂಟೆ ಕಳೆದಿರುತ್ತದೆ, ಹೊಟ್ಟೆ ಹಗುರ. ಮನೆಯಲ್ಲಿ ಅತ್ತೆ ಒಬ್ಬರೇ. ಹಳೇ ಕ್ಯಾಲೆಂಡರಿನ ಹಿಂದೆ "12ರಿಂದ 1 ಬಾಗಿಲು ಹಾಕಿರುತ್ತೆ" ಅಂತ ಬರೆದು ಬಾಗಿಲಿಗೆ ಅಂಟಿಸಿದರು. ಬಟ್ಟೆ ಕತ್ತರಿಸುವ ಮೇಜು ಗೋಡೆಗೆ ತಳ್ಳಿ, ನೆಲದ ಮೇಲಿನ ಗುಂಡುಸೂಜಿ ಎಲ್ಲ ಗುಡಿಸಿ, ಚಾಪೆ ಹಾಸಿದರು.

ಮೊದಲ ತಿಂಗಳು ಬಹಳ ಸರಳ. ಬೆನ್ನ ಮೇಲೆ ಮಲಗಿ ಮಂಡಿ ಮಡಚಿ, ಉಸಿರು ಬಿಡುತ್ತಾ ಹೊಕ್ಕಳ ಕೆಳಗಿನ ಭಾಗವನ್ನು ಮೆತ್ತಗೆ ಒಳಗೆಳೆಯುವುದು. ಅದರ ಜೊತೆಗೆ ಮೂಲಬಂಧದಂತೆ, ಮೂತ್ರ ತಡೆಯುವಾಗ ಬಿಗಿಯುವ ಕೆಳಗಿನ ಸ್ನಾಯುಗಳನ್ನು ಬಿಗಿದು, ಆಮೇಲೆ ಸಡಿಲ ಬಿಡುವುದು. ಉಸಿರು ಕಟ್ಟುವ ಹಾಗಿಲ್ಲ. ಆಮೇಲೆ ಮಾರ್ಜಾಲಾಸನ, ಸೇತುಬಂಧಾಸನ, ಗೋಡೆ ಹಿಡಿದು ಉತ್ಕಟಾಸನ. ಎರಡನೇ ತಿಂಗಳಿಂದ ತ್ರಿಕೋನಾಸನ, ವೀರಭದ್ರಾಸನ. ಮೂರನೇ ತಿಂಗಳಲ್ಲಿ ಕುರ್ಚಿ ಹಿಡಿದು ಸೂರ್ಯ ನಮಸ್ಕಾರ. ಯಾವುದೇ ಆಸನದಲ್ಲಿ ಹೊಟ್ಟೆಯ ದಿಬ್ಬ ಎದ್ದರೆ ಅಲ್ಲೇ ನಿಲ್ಲಿಸುವುದು ನಿಯಮ. ಕೊನೆಗೆ ನಾಡಿಶೋಧನ, ಶವಾಸನ.

ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಉಸಿರು ಸ್ವಲ್ಪ ಹೆಚ್ಚಾಗುವಂಥ ಚಟುವಟಿಕೆ ಬೇಕು ಅನ್ನುತ್ತದೆ. ನಿಧಾನದ ಆಸನ ಒಂದರಿಂದಲೇ ಅಷ್ಟು ತುಂಬುವುದಿಲ್ಲ. ಅದಕ್ಕೆ ನಡಿಗೆ ಸೇರಿಸಿದೆವು. ಸಂಜೆ ಮಗನ ಜೊತೆ ಬಿರುಸಿನ ಅರ್ಧ ಗಂಟೆ, ಊಟ ಆದಮೇಲೆ ಹತ್ತು ನಿಮಿಷ ಮಹಡಿ ಮೇಲೆ. ಊಟದ ನಂತರ ನಡೆದರೆ ರಕ್ತದ ಸಕ್ಕರೆ ಏಕಾಏಕಿ ಏರುವುದಿಲ್ಲ, ಇವರ ರಿಪೋರ್ಟಿಗೆ ಅದು ಬೇಕೇ ಬೇಕಿತ್ತು. ಒಂದೊಂದು ಬ್ಲೌಸಿನ ಕೆಲಸ ಮುಗಿದಾಗಲೂ ಮಿಷನ್ ಬಿಟ್ಟು ಎದ್ದು ಓಡಾಡುವುದು ಅವರೇ ಕಂಡುಕೊಂಡ ಉಪಾಯ.

ಎಣ್ಣೆ ಕ್ಯಾನು

ಊಟದ ಬಗ್ಗೆ ಕೇಳಿದರೆ ಎಲ್ಲರೂ "ನಾನು ತಿನ್ನೋದೇ ಕಡಿಮೆ" ಅನ್ನುತ್ತಾರೆ. ಸುಳ್ಳು ಹೇಳುವುದಿಲ್ಲ, ಅವರಿಗೆ ಹಾಗೇ ಅನ್ನಿಸಿರುತ್ತದೆ. ಅದಕ್ಕೆ ತಟ್ಟೆಯ ಲೆಕ್ಕ ಬಿಟ್ಟು ಸಾಮಾನಿನ ಲೆಕ್ಕ ಹಿಡಿದೆ. ತಿಂಗಳಿಗೆ ಎಣ್ಣೆ ಎಷ್ಟು? ಐದು ಲೀಟರಿನ ಒಂದು ಕ್ಯಾನು. ನಾಲ್ಕು ಜನಕ್ಕೆ ಹಂಚಿದರೆ ಒಬ್ಬರಿಗೆ ದಿನಕ್ಕೆ 40 ಮಿಲಿಲೀಟರ್ ದಾಟುತ್ತದೆ. ತಿಂಗಳಿಗೆ ತಲಾ ಅರ್ಧ ಲೀಟರ್, ಹೆಚ್ಚೆಂದರೆ ಮುಕ್ಕಾಲು ಲೀಟರ್ ಸಾಕು.

ಕ್ಯಾನು ತೆಗೆದ ತಾರೀಖನ್ನು ಮಾರ್ಕರ್‌ನಲ್ಲಿ ಅದರ ಮೇಲೇ ಬರೆಯಲು ಹೇಳಿದೆ. ಒಗ್ಗರಣೆಗೆ ಸೌಟಿನಿಂದ ಸುರಿಯುವುದು ಬಿಟ್ಟು ಚಮಚ. ಬೋಂಡ, ವಡೆ ಭಾನುವಾರ ಮಾತ್ರ. ಚಪಾತಿ ಸುಟ್ಟು ಇಳಿಸುವುದು. ಇಷ್ಟಕ್ಕೇ ಕ್ಯಾನು ಐವತ್ತು ದಿನ ಬರತೊಡಗಿತು. ಅಂದರೆ ತಿಂಗಳಿಗೆ ಮೂರು ಲೀಟರ್. ಸುಜಾತ ಪಾಲಿಗೆ ದಿನಕ್ಕೆ ಸುಮಾರು 140 ಕ್ಯಾಲೊರಿ ಕಡಿಮೆಯಾಯಿತು. ಒಂದು ಕೆಜಿ ಕೊಬ್ಬು ಅಂದರೆ ಅಂದಾಜು 7,700 ಕ್ಯಾಲೊರಿ. ಲೆಕ್ಕದ ಪ್ರಕಾರ ಎಣ್ಣೆ ಒಂದರಿಂದಲೇ ತಿಂಗಳಿಗೆ ಅರ್ಧ ಕೆಜಿ. ದೇಹ ಹೀಗೆ ಚಾಚೂ ತಪ್ಪದೆ ಲೆಕ್ಕದಂತೆ ನಡೆಯುವುದಿಲ್ಲ, ನಿಜ. ಆದರೂ ಇದನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಅವರಿಗೆ ನಂಬಿಕೆ ಬಂತು.

ಎರಡನೆಯದು ಕಾಫಿ. ಬಟ್ಟೆ ಕೊಡಲು ಬಂದವರಿಗೆಲ್ಲ ಕಾಫಿ, ಅವರ ಜೊತೆ ತಾವೂ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ. ಗಿರಾಕಿಗೆ ಕಾಫಿ ಕೊಡುವುದು ನಿಲ್ಲಿಸಿ ಅಂತ ಹೇಳಲು ಆಗುತ್ತದಾ? ಅದು ಅವರ ಮರ್ಯಾದೆಯ ಪ್ರಶ್ನೆ, ವ್ಯಾಪಾರದ ಪ್ರಶ್ನೆಯೂ ಹೌದು. ಅವರಿಗೆ ಕಾಫಿ, ತಮಗೆ ನೀರು ಮಜ್ಜಿಗೆ ಅಂತ ಆಯಿತು. ತಮ್ಮ ಪಾಲಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ಕಾಫಿ, ಒಂದೊಂದೇ ಚಮಚ ಸಕ್ಕರೆ.

ಊಟದ ಪದಾರ್ಥ ಬದಲಿಸಲು ನಾನು ಹೋಗಲಿಲ್ಲ. ಓಟ್ಸ್, ಕಿನೋವಾ ಯಾವುದೂ ಬೇಕಿರಲಿಲ್ಲ. ಮುದ್ದೆ, ಬಸ್ಸಾರು, ಸೊಪ್ಪು, ಹುರುಳಿಕಾಳು ಇರುವ ಮನೆ ಅದು. ಬದಲಿಸಿದ್ದು ಬಡಿಸುವ ರೀತಿಯನ್ನು. ಬಸ್ಸಾರಿಗೆ ಬೇಯಿಸಿ ಬಸಿದ ಕಾಳು-ಸೊಪ್ಪಿನ ಪಲ್ಯ ಗಂಡ, ಮಗನ ತಟ್ಟೆಗೆ ಹೋಗುತ್ತಿತ್ತು. ಇವರು ಕೊನೆಗೆ ಉಳಿದ ಅನ್ನಕ್ಕೆ ಬರೀ ಸಾರು ಸುರಿದುಕೊಂಡು ಉಣ್ಣುತ್ತಿದ್ದರು. ಪ್ರೋಟೀನು, ನಾರು ಎರಡೂ ಇದ್ದದ್ದು ಆ ಪಲ್ಯದಲ್ಲಿ. ಈಗ ಮೊದಲು ತಮ್ಮ ತಟ್ಟೆಗೆ ಒಂದು ಬಟ್ಟಲು ಪಲ್ಯ ತೆಗೆದಿಟ್ಟು ಆಮೇಲೆ ಬಡಿಸುತ್ತಾರೆ. ಮುದ್ದೆ ಉಂಡ ಹೊತ್ತು ಅನ್ನ ಇಲ್ಲ. ರಾಗಿ ಒಳ್ಳೆಯದೇ, ಆದರೆ ಮುದ್ದೆಯ ಮೇಲೆ ಎರಡು ಸೌಟು ಅನ್ನವೂ ಸೇರಿದರೆ ಅದು ಎರಡು ಊಟ. ಬೆಳಿಗ್ಗೆ ತಿಂಡಿಯ ಜೊತೆ ಒಂದು ಬೇಯಿಸಿದ ಮೊಟ್ಟೆ ಇಲ್ಲವೇ ಹೆಸರುಕಾಳಿನ ಉಸಲಿ.

ಆರನೇ ವಾರ

ಶುರು ಮಾಡಿದ್ದು ಫೆಬ್ರವರಿಯಲ್ಲಿ. ಆರು ವಾರ ಕಳೆದ ಮೇಲೆ ಮೆಡಿಕಲ್ ಸ್ಟೋರಿನ ತೂಕದ ಮಿಷನ್ ಹತ್ತಿ ಬಂದರು. 67.2. "ಇಷ್ಟೆಲ್ಲಾ ಮಾಡಿ ಎಂಟುನೂರು ಗ್ರಾಮಾ?" ಅಂತ ಫೋನಿನಲ್ಲೇ ಅತ್ತರು. ಮಾರನೇ ದಿನ ಚಾಪೆ ಹಾಸಲಿಲ್ಲ. ಯುಗಾದಿ ಹತ್ತಿರ ಬಂದಿತ್ತು, ಹೊಲಿಗೆಯ ಒತ್ತಡ ಬೇರೆ.

ಎಷ್ಟೋ ಜನ ಬಿಟ್ಟುಬಿಡುವುದು ಇಲ್ಲಿಯೇ. ನಾನು ಹೋಗಿ ಅವರ ಅಳತೆ ಪುಸ್ತಕ ತೆಗೆಸಿದೆ. ಗಿರಾಕಿಗಳ ಎದೆ, ತೋಳು, ಸೊಂಟದ ಅಳತೆ ಬರೆದಿಡುವ ಉದ್ದನೆಯ ನೋಟ್‌ಬುಕ್ಕು. ಶುರುವಿನಲ್ಲಿ ಅದರ ಕೊನೆಯ ಹಾಳೆಯಲ್ಲಿ "ನಂದು" ಅಂತ ಬರೆದು 38½ ಗುರುತು ಹಾಕಿಸಿದ್ದೆ. ಅಳೆಯುವ ಜಾಗವನ್ನೂ ಆಗಲೇ ಗೊತ್ತುಮಾಡಿದ್ದೆವು. ಅವರಿಗೆ ಲಂಗದ ಲಾಡಿ ಕಟ್ಟುವ ಜಾಗದಲ್ಲಿ ಟೇಪು ಹಿಡಿದು ಅಭ್ಯಾಸ. ಆದರೆ ಅಳೆಯಬೇಕಾದ್ದು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ತುದಿಗೂ ಸರಿಯಾಗಿ ನಡುವೆ, ಉಸಿರು ಸಹಜವಾಗಿ ಬಿಟ್ಟಾಗ, ಹೊಟ್ಟೆ ಒಳಗೆಳೆಯದೆ. ಅದೇ ಜಾಗದಲ್ಲಿ ಮತ್ತೆ ಟೇಪು ಸುತ್ತಿದರು. ಕನ್ನಡಿಯಲ್ಲಿ ಒಮ್ಮೆ ನೋಡಿದರು, ಟೇಪು ಬಿಟ್ಟು ಮತ್ತೆ ಸುತ್ತಿದರು. 37¾.

ಮುಕ್ಕಾಲು ಇಂಚು ಅಂದರೆ ಏನು ಅಂತ ಟೈಲರಿಗೆ ಹೇಳಿಕೊಡಬೇಕಾ? ಬ್ಲೌಸಿಗೆ ಒಂದು ಹೊಲಿಗೆ ಒಳಗೆ ಹಾಕುವಷ್ಟು. ಅವರೇ ನಕ್ಕರು. ಕಾಲಿನ ಸ್ನಾಯು ಸ್ವಲ್ಪ ಬಲಿತಿತ್ತು, ನೀರಿನಂಶ ದಿನದಿನಕ್ಕೆ ಏರಿಳಿಯುತ್ತದೆ, ಮುಟ್ಟಿನ ಮುಂಚಿನ ವಾರ ಬೇರೆ. ತೂಕದ ಮಿಷನ್ ಇದನ್ನೆಲ್ಲ ಬಿಡಿಸಿ ಹೇಳುವುದಿಲ್ಲ. ಅಲ್ಲಿಂದ ತೂಕ ತಿಂಗಳಿಗೊಮ್ಮೆ, ಟೇಪು ಹದಿನೈದು ದಿನಕ್ಕೊಮ್ಮೆ ಅಂತ ನಿರ್ಧಾರವಾಯಿತು.

ರಾತ್ರಿ ಊಟ

ಏಪ್ರಿಲ್ ಹೊತ್ತಿಗೆ ಇಳಿತ ನಿಂತಿತು. ಎಣ್ಣೆ, ಸಕ್ಕರೆ, ಯೋಗ ಎಲ್ಲ ಸರಿಯಿದೆ. ಉಳಿದದ್ದು ರಾತ್ರಿಯ ಊಟ. ಗಂಡ ಬಂದ ಮೇಲೆ, ಅವರಿಗೆ ಬಡಿಸಿ, ಆಮೇಲೆ ತಾನು. ಹತ್ತು ಗಂಟೆ. ಅಷ್ಟರೊಳಗೆ ಹಸಿವು ತಡೆಯಲಾರದೆ ಏಳಕ್ಕೆ ಒಂದು ಹಿಡಿ ಮಿಕ್ಸ್ಚರ್, ಎಂಟಕ್ಕೆ ಮಗನ ತಟ್ಟೆಯಿಂದ ಒಂದು ದೋಸೆ. ಹತ್ತಕ್ಕೆ ಪೂರ್ತಿ ಊಟ. ಕೊನೆಗೆ ಪಾತ್ರೆಯಲ್ಲಿ ಉಳಿದ ಅನ್ನ, "ಚೆಲ್ಲೋದ್ಯಾಕೆ" ಅಂತ.

ಬೇಗ ಉಣ್ಣಿ ಅಂತ ನಾನು ಹೇಳಬಹುದಿತ್ತು. ಆದರೆ ಇಪ್ಪತ್ತು ವರ್ಷದಿಂದ ಗಂಡ ಉಣ್ಣದೆ ತಾನು ಉಂಡಿಲ್ಲದ ಹೆಂಗಸು, ಹೊರಗಿನವಳ ಮಾತಿಗೆ ಅದನ್ನು ಬದಲಿಸುತ್ತಾರಾ? ಅವರು ಕೂಡ "ಅದೊಂದು ಆಗಲ್ಲ ಮೇಡಂ" ಅಂದುಬಿಟ್ಟರು. ನಾನು ಒತ್ತಾಯ ಮಾಡಲಿಲ್ಲ. ಅತ್ತೆಯನ್ನೂ ಕೂರಿಸಿಕೊಂಡು ರಿಪೋರ್ಟು ವಿವರಿಸಿದೆ, ಅಷ್ಟೆ. 6.1 ಅಂದರೆ ಏನು, ಮುಂದೆ ಏನಾಗಬಹುದು ಅಂತ. ಅತ್ತೆ ಏಳೂವರೆಗೇ ಉಣ್ಣುವವರು. ಬೀಗರ ಕಾಲನ್ನು ಅವರೂ ನೋಡಿದ್ದರು.

ಆ ರಾತ್ರಿ ಅತ್ತೆ ತಮ್ಮ ತಟ್ಟೆಯ ಪಕ್ಕ ಇನ್ನೊಂದು ತಟ್ಟೆ ಇಟ್ಟರಂತೆ. "ನಂಜೊತೆ ಕೂತು ಉಂಡ್ಬಿಡವ್ವ. ಅವನು ಬಂದಾಗ ನಾನೇ ಬಡಿಸ್ತೀನಿ." ಸುಜಾತ ಅನುಮಾನಿಸಿದಾಗ, "ನಾನು ಹೇಳ್ತೀನಿ ಅವನಿಗೆ" ಅಂದರಂತೆ. ಗಂಡನಿಗೆ ಇದರಲ್ಲಿ ಬೇಜಾರೇನೂ ಇರಲಿಲ್ಲ. ಯಾವತ್ತೂ ಯಾರೂ ಕೇಳಿರಲಿಲ್ಲ ಅಷ್ಟೆ. ಕೆಲವು ವಾರ ಕಳೆದ ಮೇಲೆ ಅವರೇ ಅಂಗಡಿಗೆ ಬುತ್ತಿ ತರಿಸಿಕೊಂಡು ಎಂಟಕ್ಕೆ ಉಣ್ಣತೊಡಗಿದರು.

ಈ ಪ್ರಕರಣದ ಅತಿ ದೊಡ್ಡ ತಿರುವು ಇದು. ಏಳೂವರೆಗೆ ಊಟ ಆದ್ದರಿಂದ ಮಿಕ್ಸ್ಚರ್, ದೋಸೆ, ಉಳಿದ ಅನ್ನ ಮೂರೂ ತಾವಾಗಿ ಹೋದವು. ಪಾತ್ರೆ ಬೇಗ ಮುಗಿದು ಹತ್ತಕ್ಕೆ ನಿದ್ದೆ. ಎಂಟು ಗಂಟೆಗೆ ಅತ್ತೆ, ಸೊಸೆ ಇಬ್ಬರೂ ಮಹಡಿ ಮೇಲೆ ನಡೆಯುತ್ತಾರೆ. ಜೂನ್ ಕೊನೆಗೆ ಸೊಂಟ 36½.

ಶ್ರಾವಣ

ಬ್ಲೌಸ್ ಹೊಲಿಯುವವರಿಗೆ ವರಮಹಾಲಕ್ಷ್ಮಿ ಹಬ್ಬದ ಮುಂಚಿನ ಮೂರು ವಾರ ಹೇಗಿರುತ್ತದೆ ಅಂತ ಹೇಳಬೇಕಿಲ್ಲ. ಅದರ ಬೆನ್ನಿಗೇ ಗೌರಿ-ಗಣೇಶ. ರಾತ್ರಿ ಒಂದರವರೆಗೆ ಕೂತು ಹುಕ್ಸ್ ಹಾಕಿದ ದಿನಗಳೂ ಇದ್ದವು. ಯೋಗ ನಿಂತಿತು. ಹೋಳಿಗೆ, ಕಡುಬು, ಬಾಗಿನ ಕೊಟ್ಟ ಮನೆಗಳ ತಿಂಡಿ ಬಂದವು. ಟೇಪು ಮತ್ತೆ 37 ತೋರಿಸಿತು.

ಪೂರ್ತಿ ಮಾಡಬೇಕು, ಇಲ್ಲವಾದರೆ ಬಿಡಬೇಕು ಅನ್ನುವ ಯೋಚನೆ ಇಂಥ ಹೊತ್ತಿನಲ್ಲಿ ಬರುತ್ತದೆ. ನಾವು ಎರಡನ್ನು ಮಾತ್ರ ಉಳಿಸಿಕೊಂಡೆವು: ಏಳೂವರೆಯ ಊಟ ಮತ್ತು ಊಟದ ನಂತರದ ನಡಿಗೆ. ಹೋಳಿಗೆ ತಿನ್ನಬೇಡಿ ಅಂತ ನಾನು ಹೇಳಲಿಲ್ಲ. ಹಬ್ಬದ ದಿನ ಊಟದ ಜೊತೆ ತಿನ್ನಿ, ಡಬ್ಬದಲ್ಲಿಟ್ಟುಕೊಂಡು ನಾಲ್ಕು ದಿನ ಮಿಷನ್ ಪಕ್ಕ ತಿನ್ನಬೇಡಿ ಅಂದೆ. ಗಣೇಶನನ್ನು ಬಿಟ್ಟ ಮಾರನೇ ದಿನ ಚಾಪೆ ಮತ್ತೆ ಹಾಸಿದರು.

ಎಂಟು ತಿಂಗಳಿಗೆ

ಅಕ್ಟೋಬರ್ ಮೊದಲ ವಾರ ತೂಕ 63 ಕೆಜಿ, ಸೊಂಟ 36 ಇಂಚು, ಅಂದರೆ 91 ಸೆಂಟಿಮೀಟರ್. ಎಚ್‌ಬಿಎ1ಸಿ 5.7. ಬಿಪಿ 126/80. ಹೊಟ್ಟೆಯ ಸಂದು ಎರಡು ಬೆರಳಿಗೆ ಇಳಿದಿದೆ. ಕೆಮ್ಮಿದಾಗಿನ ತೊಂದರೆ ಬಹುಮಟ್ಟಿಗೆ ಕಡಿಮೆಯಾಗಿದೆ, ಜೋರಾಗಿ ಸೀನಿದರೆ ಒಮ್ಮೊಮ್ಮೆ ಇನ್ನೂ ಇದೆ.

80 ಸೆಂಟಿಮೀಟರಿಗೆ ಬರಲು ಇನ್ನೂ ದೂರವಿದೆ. ಎಚ್‌ಬಿಎ1ಸಿ ಹೊಸ್ತಿಲ ಅಂಚಿನಲ್ಲಿದೆ, ದಾಟಿ ಹೊರಗೆ ಬಂದಿಲ್ಲ. ಹೊಟ್ಟೆ ಚಪ್ಪಟೆ ಆಗಿಲ್ಲ. ಸಿಸೇರಿಯನ್ ಗೆರೆಯ ಮೇಲಿನ ಸಡಿಲ ಚರ್ಮ ಯೋಗದಿಂದ ಹೋಗುವುದೂ ಇಲ್ಲ. ಇದನ್ನು ಅವರಿಗೂ ಹೇಳಿದ್ದೇನೆ. "ಸೊಂಟ ನೋವಿಲ್ದೆ ಕೂತು ಹೊಲೀತೀನಲ್ಲ, ಸಾಕು" ಅನ್ನುತ್ತಾರೆ. ನನಗೆ ಸಾಕಿಲ್ಲ, ಮುಂದಿನ ರಿಪೋರ್ಟಿನಲ್ಲಿ 5.7ರ ಕೆಳಗೆ ನೋಡಬೇಕು.

ಇದನ್ನು ಓದಿ ತಮ್ಮ ಮನೆಯಲ್ಲಿ ಮಾಡುವವರಿಗೆ

ಹೊಟ್ಟೆ ಯಾಕೆ ಮುಂದೆ ಬಂದಿದೆ ಅಂತ ಮೊದಲು ಗೊತ್ತುಮಾಡಿಕೊಳ್ಳಿ. ಹೆರಿಗೆ ಆಗಿದ್ದರೆ ಮಲಗಿ ತಲೆ ಎತ್ತಿ ದಿಬ್ಬ ಏಳುತ್ತದಾ ನೋಡಿ, ಎದ್ದರೆ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ. ಸುಜಾತ ಅವರ ಎರಡು ತಿಂಗಳ ಬೆಳಗಿನ ಜಾವದ ಶ್ರಮ ವ್ಯರ್ಥವಾದದ್ದು ಇದು ಗೊತ್ತಿಲ್ಲದೆ.

ಯೋಗದ ಹೊತ್ತನ್ನು ನಿದ್ದೆಯಿಂದ ಕದಿಯಬೇಡಿ. ಬೆಳಗಿನ ಜಾವವೇ ಆಗಬೇಕು ಅನ್ನುವ ನಿಯಮ ಬೇಗ ಮಲಗಲು ಸಾಧ್ಯವಿರುವ ಮನೆಗೆ ಸರಿ. ಮಧ್ಯಾಹ್ನ ಹನ್ನೆರಡಕ್ಕೆ ಮಾಡಿದ ತ್ರಿಕೋನಾಸನವೂ ತ್ರಿಕೋನಾಸನವೇ.

ಮನೆಯವರನ್ನು ಹೊರಗಿಟ್ಟು ಒಬ್ಬರೇ ಡಯೆಟ್ ಮಾಡುವುದು ಬಹಳ ಕಷ್ಟ. ರಿಪೋರ್ಟು ಹಿರಿಯರಿಗೆ ತೋರಿಸಿ, ಬಿಡಿಸಿ ಹೇಳಿ. ಎಲ್ಲ ಅತ್ತೆಯರೂ ಇವರ ಹಾಗೆ ಇರುವುದಿಲ್ಲ, ನನಗೆ ಗೊತ್ತು. ಇನ್ನೊಂದು ಮನೆಯಲ್ಲಿ ಈ ಮಾತನ್ನು ಗಂಡನ ಹತ್ತಿರ ಶುರು ಮಾಡಬೇಕಾಗಬಹುದು, ಮತ್ತೊಂದರಲ್ಲಿ ದೊಡ್ಡ ಮಗಳ ಹತ್ತಿರ.

ಸಕ್ಕರೆ ಕಾಯಿಲೆಗೆ ಮಾತ್ರೆ ಇಲ್ಲವೇ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರು ಊಟದ ಹೊತ್ತನ್ನಾಗಲಿ ಅಳತೆಯನ್ನಾಗಲಿ ತಾವಾಗಿ ಬದಲಿಸಬೇಡಿ. ರಾತ್ರಿ ಸಕ್ಕರೆ ಅಂಶ ತೀರಾ ಇಳಿದುಹೋಗುವ ಅಪಾಯವಿದೆ. ವೈದ್ಯರಿಗೆ ಹೇಳಿ, ಔಷಧಿಯ ಪ್ರಮಾಣ ಮತ್ತು ಹೊತ್ತನ್ನು ಹೊಂದಿಸಿಕೊಂಡು ಆಮೇಲೆ ಶುರು ಮಾಡಿ. ಹರ್ನಿಯಾ ಆಪರೇಷನ್ ಆದವರು, ಬಸುರಿಯರು, ಹೆರಿಗೆಯಾಗಿ ಆರು ತಿಂಗಳು ತುಂಬದವರು ಇಲ್ಲಿನ ಆಸನಗಳ ಪಟ್ಟಿಯನ್ನು ಹಾಗೇ ಎತ್ತಿಕೊಳ್ಳಬೇಡಿ. ಕಲಿಸುವವರ ಎದುರು ಕೂತು, ನಿಮ್ಮ ದೇಹಕ್ಕೆ ಬೇಕಾದ್ದನ್ನು ಆರಿಸಿಕೊಳ್ಳಿ.